ಹಡಗು ನಿಂತಾಗ ದುಡ್ಡು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಉಡುಪಿ ಕಡೆ. ಅಕ್ಕನ ಮಗನಿಗೆ ಕ್ರೂಸ್ ಹಡಗಿನಲ್ಲಿ ಕೆಲಸದ ಆಫರ್ ಬಂದಿದೆ. ಮನೆಯ ಹಿರಿಯರು ಬೇಡ ಅಂತಿದ್ದಾರೆ. ಕೊರೊನಾ ಟೈಮಲ್ಲಿ ಈ ಕಂಪನಿಗಳು ಮುಳುಗಿಯೇ ಹೋದವು ಅಂತ ಪೇಪರ್, ಟಿವಿಯಲ್ಲಿ ಬರ್ತಿತ್ತು. ಈಗ ನೋಡಿದರೆ ಹಡಗೆಲ್ಲ ಫುಲ್, ಭಾರಿ ಲಾಭ ಅಂತ ಬರ್ತಿದೆ. ಯಾವ ಸುದ್ದಿ ಸುಳ್ಳು? ವರ್ಷಕ್ಕೂ ಜಾಸ್ತಿ ಕಾಲ ಹಡಗುಗಳು ನಿಂತಿದ್ದಾಗ ಅವರಿಗೆ ದುಡ್ಡು ಎಲ್ಲಿಂದ ಬಂತು?

ಉತ್ತರ: ಎರಡು ಸುದ್ದಿಯೂ ನಿಜವೇ. 2020ರ ಮಾರ್ಚ್ ಹೊತ್ತಿಗೆ ಈ ಕಂಪನಿಗಳ ಕೈಯಲ್ಲಿ ಕೆಲವೇ ತಿಂಗಳಿಗೆ ಸಾಲುವಷ್ಟು ನಗದು ಇತ್ತು. ಅವುಗಳಲ್ಲಿ ದೊಡ್ಡವು ಇವತ್ತು ಲಾಭ ಮಾಡುತ್ತಿರುವುದೂ ನಿಜ. ಆದರೆ ಈ ಎರಡರ ಮಧ್ಯೆ ಏನು ನಡೆಯಿತು ಎಂಬುದು ಸುದ್ದಿಯಲ್ಲಿ ಸರಿಯಾಗಿ ಬರಲಿಲ್ಲ. ಏಕೆಂದರೆ ಅದು ಸಾಲದ ಕತೆ. ಹಡಗಿನ ಕಿಟಕಿಯಿಂದ ಕೈಬೀಸುವ ಪ್ರಯಾಣಿಕರ ಫೋಟೊ ತೆಗೆಯಬಹುದು, ಬಾಂಡ್ ಪತ್ರದ (ಕಂಪನಿ ಸಾಲ ಪಡೆದು ಹೂಡಿಕೆದಾರರಿಗೆ ಬರೆದುಕೊಡುವ ಪತ್ರ) ಫೋಟೊ ತೆಗೆದು ಮುಖಪುಟಕ್ಕೆ ಹಾಕಲು ಆಗುವುದಿಲ್ಲ. ನಿಮ್ಮ ಮನೆಯವರ ಆತಂಕಕ್ಕೆ ಉತ್ತರ ಇರುವುದೂ ಆ ಸಾಲದ ಕತೆಯಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಏನಾಯಿತು ಅಂತ ನೆನಪು ಮಾಡಿಕೊಳ್ಳೋಣ. 2020ರ ಫೆಬ್ರವರಿ ಮೊದಲ ವಾರ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗನ್ನು ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆದು ನಿಲ್ಲಿಸಿದರು. ಒಳಗೆ 3,711 ಜನ ಇದ್ದರು. ಅವರಲ್ಲಿ 712 ಜನರಿಗೆ ಸೋಂಕು ತಗುಲಿತು. ಚೀನಾದ ಹೊರಗೆ ಪತ್ತೆಯಾಗಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಹಂತದಲ್ಲಿ ಈ ಒಂದೇ ಹಡಗಿನಲ್ಲಿದ್ದವು. ಅಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ಸೋಂಕಿಲ್ಲದ 119 ಭಾರತೀಯರನ್ನು ಫೆಬ್ರವರಿ ಕೊನೆಗೆ ಏರ್ ಇಂಡಿಯಾ ವಿಮಾನದಲ್ಲಿ ಕರೆತಂದರು. ನಮ್ಮ ಕರಾವಳಿಯ ಮನೆಗಳಲ್ಲಿ ಆ ಹಡಗಿನ ಹೆಸರು ಇವತ್ತಿಗೂ ಮರೆತಿಲ್ಲ ಎಂದರೆ ಅದಕ್ಕೆ ಕಾರಣ ಇದೆ, ಅಲ್ವಾ?

ಆಮೇಲೆ ಕ್ಯಾಲಿಫೋರ್ನಿಯಾ ತೀರದಲ್ಲಿ ಗ್ರ್ಯಾಂಡ್ ಪ್ರಿನ್ಸೆಸ್ ಹಡಗು ಸಿಕ್ಕಿಹಾಕಿಕೊಂಡಿತು. ಮಾರ್ಚ್ 19ಕ್ಕೆ ಸಿಡ್ನಿಯಲ್ಲಿ ರೂಬಿ ಪ್ರಿನ್ಸೆಸ್ ಸುಮಾರು 2,700 ಪ್ರಯಾಣಿಕರನ್ನು ಸರಿಯಾದ ತಪಾಸಣೆ ಇಲ್ಲದೆ ಇಳಿಸಿತು. ಆ ಹಡಗಿಗೆ ಸಂಬಂಧಿಸಿದ 28 ಸಾವುಗಳು ದಾಖಲಾದವು, ಆಸ್ಟ್ರೇಲಿಯಾದಲ್ಲಿ ವಿಚಾರಣಾ ಆಯೋಗವೂ ಕೂತಿತು. ಮಾರ್ಚ್ ಆರಂಭದಲ್ಲೇ ನವ ಮಂಗಳೂರು ಬಂದರಿಗೆ ಬರಬೇಕಿದ್ದ ಎಂಎಸ್‌ಸಿ ಲಿರಿಕಾ ಹಡಗಿಗೆ ಇಲ್ಲೂ ಪ್ರವೇಶ ಕೊಡಲಿಲ್ಲ. ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಹಡಗು ಹೊರಡುವಂತಿಲ್ಲ ಎಂಬ ಆದೇಶ ಹೊರಡಿಸಿತು. ಮೊದಲಿಗೆ 30 ದಿನ ಅಂದರು. ಮುಂದೂಡುತ್ತಾ ಹೋದರು. ಅಮೆರಿಕದ ಬಂದರಿನಿಂದ ಟಿಕೆಟ್ ಕೊಂಡ ಪ್ರಯಾಣಿಕರೊಂದಿಗೆ ದೊಡ್ಡ ಹಡಗೊಂದು ಮತ್ತೆ ಹೊರಟಿದ್ದು 2021ರ ಜೂನ್ 26ಕ್ಕೆ. ಅದು ಸೆಲೆಬ್ರಿಟಿ ಎಡ್ಜ್. ಅಂದರೆ ಹದಿನೈದು ತಿಂಗಳಿಗೂ ಮಿಕ್ಕಿ ಅಲ್ಲಿ ಟಿಕೆಟ್ ಆದಾಯ ಇರಲಿಲ್ಲ.

ಆದಾಯ ನಿಂತರೆ ಖರ್ಚೂ ನಿಲ್ಲಬೇಕು ಅಂತ ನಮಗೆ ಅನಿಸುತ್ತದೆ. ಹಡಗಿನ ವಿಷಯದಲ್ಲಿ ಹಾಗಾಗುವುದಿಲ್ಲ. ಕಂತು ಬಾಕಿ ಇರುವ ಲಾರಿಯನ್ನು ಮನೆ ಮುಂದೆ ನಿಲ್ಲಿಸಿದರೆ ಕಂತು ಮಾತ್ರ ಕಟ್ಟಿದರೆ ಸಾಕು. ಹಡಗನ್ನು ಹಾಗೆ ಬೀಗ ಹಾಕಿ ಬಿಡಲು ಆಗದು. ಲಂಗರು ಹಾಕಿದ ಹಡಗಿನಲ್ಲೂ ಎಂಜಿನಿಯರ್‌ಗಳು, ನಾವಿಕರು ಇರಲೇಬೇಕು. ಜನರೇಟರ್ ಓಡಬೇಕು, ಇಲ್ಲದಿದ್ದರೆ ಒಳಗಿನ ತೇವಕ್ಕೆ ಎಲ್ಲ ಹಾಳಾಗುತ್ತದೆ. ವಿಮೆ, ಬಂದರು ಬಾಡಿಗೆ, ಪ್ರಮಾಣಪತ್ರಗಳ ಖರ್ಚು ಬೇರೆ. ಮೇಲೆ ಬಡ್ಡಿ. ನೂರಕ್ಕೂ ಹೆಚ್ಚು ಹಡಗು ಇದ್ದ ಕಾರ್ನಿವಲ್ ಕಂಪನಿಗೆ 2020ರ ಎರಡನೇ ಅರ್ಧದಲ್ಲಿ ತಿಂಗಳಿಗೆ 50 ಕೋಟಿ ಡಾಲರ್‌ಗೂ ಹೆಚ್ಚು ನಗದು ಕರಗುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆಯಿಂದ ಬಂತು. ಅದು ಮುಂಗಡದ ಹಣ. ಕ್ರೂಸ್ ಪ್ರವಾಸಿಗರು ಆರು ತಿಂಗಳು, ವರ್ಷ ಮೊದಲೇ ಅಡ್ವಾನ್ಸ್ ಕಟ್ಟುತ್ತಾರೆ. ಹೊರಡುವ ಎರಡು ಮೂರು ತಿಂಗಳ ಮೊದಲೇ ಪೂರ್ತಿ ಹಣ ಕಟ್ಟಿ ಮುಗಿಸಿರುತ್ತಾರೆ. ಕಂಪನಿ ಈ ದುಡ್ಡನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ, ದಿನನಿತ್ಯದ ವ್ಯವಹಾರಕ್ಕೆ ಬಳಸುತ್ತದೆ. ಒಳ್ಳೆಯ ಕಾಲದಲ್ಲಿ ಇದು ಬಡ್ಡಿಯಿಲ್ಲದ ಬಂಡವಾಳ. 2020ರ ಫೆಬ್ರವರಿ ಕೊನೆಗೆ ಕಾರ್ನಿವಲ್ ಬಳಿ ಗ್ರಾಹಕರ ಮುಂಗಡವೇ ಸುಮಾರು 470 ಕೋಟಿ ಡಾಲರ್ ಇತ್ತು. ಪ್ರವಾಸ ರದ್ದಾದಾಗ ಹೊಸ ಮುಂಗಡ ಬರುವುದು ನಿಂತಿತು, ಹಳೆಯದನ್ನು ವಾಪಸ್ ಕೊಡಬೇಕಾಯಿತು. ವಿಮಾನ ಕಂಪನಿಗಳಿಗೂ ಇದೇ ಗತಿಯಾಯಿತು. ಆದರೆ ವಿಮಾನಕ್ಕೆ ಸರಕು ಸಾಗಿಸುವ ಕೆಲಸವಾದರೂ ಇತ್ತು, ಸರ್ಕಾರದ ನೆರವೂ ಸಿಕ್ಕಿತು.

ಮುಂಗಡ ವಾಪಸ್ ಕೇಳುವವರನ್ನು ತಡೆಯಲು ಹಲವು ಕಂಪನಿಗಳು ಒಂದು ಆಫರ್ ಇಟ್ಟವು. 100 ಡಾಲರ್ ನಗದು ವಾಪಸ್ ಬೇಕಾ, ಮುಂದಿನ ಪ್ರವಾಸಕ್ಕೆ 125 ಡಾಲರ್‌ನ ಕ್ರೆಡಿಟ್ ಬೇಕಾ? ಬಹಳ ಜನ ಕ್ರೆಡಿಟ್ ಆರಿಸಿಕೊಂಡರು. ಲೆಕ್ಕ ಬಲ್ಲವರ ಕಣ್ಣಿಗೆ ಇದು ಪ್ರಯಾಣಿಕರಿಂದಲೇ ಪಡೆದ ಸಾಲ. ಬಡ್ಡಿಯನ್ನು ದುಡ್ಡಿನ ಬದಲು ಕ್ಯಾಬಿನ್ ರೂಪದಲ್ಲಿ ಕೊಡುವ ಸಾಲ. ಇದನ್ನು ನೆನಪಿಡಿ, ಮುಂದೆ ಒಂದು ಸುದ್ದಿಯ ಬಗ್ಗೆ ಹೇಳುವಾಗ ಬೇಕಾಗುತ್ತದೆ.

ಈಗ ಸರ್ಕಾರದ ವಿಷಯ. ಅಮೆರಿಕದ ಸಂಸತ್ತು ಮಾರ್ಚ್ ಕೊನೆಗೆ ಕೇರ್ಸ್ ಕಾಯ್ದೆ ಪಾಸು ಮಾಡಿ ದೊಡ್ಡ ಕಂಪನಿಗಳಿಗೆ 50,000 ಕೋಟಿ ಡಾಲರ್‌ನ ನಿಧಿ ಇಟ್ಟಿತು. ಕ್ರೂಸ್ ಕಂಪನಿಗಳಿಗೆ ಅದರಲ್ಲಿ ಪಾಲು ಸಿಗಲಿಲ್ಲ. ಕಂಪನಿ ಅಮೆರಿಕದಲ್ಲಿ ನೋಂದಣಿ ಆಗಿರಬೇಕು, ನೌಕರರಲ್ಲಿ ಹೆಚ್ಚಿನವರು ಅಲ್ಲಿಯವರೇ ಆಗಿರಬೇಕು ಎಂಬ ಷರತ್ತು ಇತ್ತು. ಕಾರ್ನಿವಲ್ ನೋಂದಣಿ ಪನಾಮಾದಲ್ಲಿ, ರಾಯಲ್ ಕೆರಿಬಿಯನ್‌ನದು ಲೈಬೀರಿಯಾದಲ್ಲಿ, ನಾರ್ವೀಜಿಯನ್ ಕ್ರೂಸ್ ಲೈನ್‌ನದು ಬರ್ಮುಡಾದಲ್ಲಿ. ಈ ಮೂರು ದೊಡ್ಡ ಕಂಪನಿಗಳದ್ದೂ ಮುಖ್ಯ ಕಚೇರಿ ಮಾತ್ರ ಅಮೆರಿಕದ ಮಯಾಮಿಯಲ್ಲಿ. ತೆರಿಗೆ ಉಳಿಸಲು ಹೊರಗೆ ನೋಂದಣಿ ಮಾಡಿಸಿಕೊಂಡವರು ಕಷ್ಟ ಬಂದಾಗ ತೆರಿಗೆದಾರರ ಬಾಗಿಲಿಗೆ ಬರುವುದು ಹೇಗೆ ಎಂದು ಅಲ್ಲಿ ಜೋರು ಚರ್ಚೆ ಆಯಿತು. ಆ ಪ್ರಶ್ನೆ ನ್ಯಾಯವಾದದ್ದೇ ಅಂತ ನನಗೆ ಅನಿಸುತ್ತದೆ.

ಯುರೋಪಿನಲ್ಲಿ ಮಾತ್ರ ಸದ್ದಿಲ್ಲದೆ ನೆರವು ಸಿಕ್ಕಿತು. ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಕೋವಿಡ್ ಯೋಜನೆಯಿಂದ ರಾಯಲ್ ಕೆರಿಬಿಯನ್ 30 ಕೋಟಿ ಪೌಂಡ್ ಪಡೆಯಿತು. ಹಡಗು ಕಟ್ಟುವುದು ಇಟಲಿ, ಜರ್ಮನಿ, ಫ್ರಾನ್ಸ್, ಫಿನ್ಲೆಂಡ್‌ಗಳಲ್ಲಿ. ಕೊಳ್ಳುವ ಕಂಪನಿಯ ಸಾಲಕ್ಕೆ ಆ ದೇಶಗಳ ರಫ್ತು ಸಂಸ್ಥೆಗಳೇ ಗ್ಯಾರಂಟಿ ನಿಲ್ಲುತ್ತವೆ. ಕ್ರೂಸ್ ಕಂಪನಿ ಬಿದ್ದರೆ ಹಡಗುಕಟ್ಟೆಯೂ ಬೀಳುತ್ತದೆ, ಸಾವಿರಾರು ಜನರ ಕೆಲಸ ಹೋಗುತ್ತದೆ. ಹಾಗಾಗಿ ಅವು ಅಸಲಿನ ಕಂತನ್ನು ಒಂದು ವರ್ಷ ಮುಂದಕ್ಕೆ ಹಾಕಿದವು. ಎಷ್ಟು ಓದುಗರಿಗೆ ಈ ಸುದ್ದಿ ತಲುಪಿತು? ನನ್ನ ಪ್ರಕಾರ ತುಂಬ ಕಡಿಮೆ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ದುಡ್ಡು ಬಂದದ್ದು ಬಾಂಡ್ ಮಾರುಕಟ್ಟೆಯಿಂದ. ಜನವರಿಯಲ್ಲಿ 50 ಡಾಲರ್ ಆಸುಪಾಸು ಇದ್ದ ಕಾರ್ನಿವಲ್ ಷೇರು ಏಪ್ರಿಲ್ ಮೊದಲ ವಾರ 8 ಡಾಲರ್‌ಗೆ ಬಂದಿತ್ತು. ಅದೇ ಹೊತ್ತಿಗೆ ಕಂಪನಿ 400 ಕೋಟಿ ಡಾಲರ್‌ನ ಬಾಂಡ್ ಮಾರಿತು. ಬಡ್ಡಿ ಶೇ 11.5. ಹಡಗುಗಳನ್ನೇ ಅಡ ಇಟ್ಟರು. ಕೆಲವು ತಿಂಗಳ ಹಿಂದಷ್ಟೇ ಈ ಕಂಪನಿಗೆ ತೀರಾ ಕಡಿಮೆ ಬಡ್ಡಿಗೆ ಸಾಲ ಸಿಗುತ್ತಿತ್ತು. ಜೊತೆಗೆ ಒಂದಕ್ಕೆ 8 ಡಾಲರ್‌ನಂತೆ 50 ಕೋಟಿ ಡಾಲರ್ ಮೌಲ್ಯದ ಹೊಸ ಷೇರು ಮಾರಿದರು. ಮುಂದೆ ಷೇರಾಗಿ ಬದಲಾಯಿಸಿಕೊಳ್ಳಬಹುದಾದ ಬಾಂಡ್‌ಗಳನ್ನೂ ಕೊಟ್ಟರು. ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ ಶೇ 8.2ರಷ್ಟು ಪಾಲು ಕೊಂಡಿತ್ತು ಎಂಬುದು ಆ ವಾರವೇ ಹೊರಬಂತು.

ಆ ಶೇ 11.5 ಏನು ಅಂತ ಸ್ವಲ್ಪ ಲೆಕ್ಕ ಹಾಕಿ ನೋಡಿ. 400 ಕೋಟಿಗೆ ವರ್ಷಕ್ಕೆ 46 ಕೋಟಿ ಡಾಲರ್ ಬಡ್ಡಿ. 2019ರಲ್ಲಿ ಕಾರ್ನಿವಲ್ ತನ್ನ ಎಲ್ಲ ಸಾಲಕ್ಕೂ ಸೇರಿ ಕಟ್ಟಿದ ಬಡ್ಡಿ ಸುಮಾರು 20.6 ಕೋಟಿ ಡಾಲರ್. ಒಂದೇ ಒಂದು ಬಾಂಡ್‌ನ ಬಡ್ಡಿ ಅದರ ಎರಡು ಪಟ್ಟಿಗಿಂತ ಜಾಸ್ತಿ! ನನ್ನ ಮಟ್ಟಿಗೆ ಇಡೀ ಎರಡು ವರ್ಷದ ಅತಿ ದೊಡ್ಡ ಕ್ರೂಸ್ ಸುದ್ದಿ ಇದೇ. ಹಣಕಾಸು ಪತ್ರಿಕೆಗಳು ಚೆನ್ನಾಗಿ ಬರೆದವು. ಉಳಿದ ಕಡೆ ಹಡಗಿನ ಫೋಟೊ, ಷೇರು ಬಿದ್ದ ಪ್ರಮಾಣ, ಅಷ್ಟೇ.

ಇಷ್ಟು ಅಪಾಯದಲ್ಲಿದ್ದ ಕಂಪನಿಗೆ ಸಾಲ ಕೊಟ್ಟವರು ಯಾರು, ಯಾಕೆ ಕೊಟ್ಟರು? ಮಾರ್ಚ್ 23ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್, ಕಂಪನಿಗಳ ಬಾಂಡ್ ಕೊಳ್ಳುವುದಾಗಿ ಘೋಷಿಸಿತು. ಇದರ ಉದ್ದೇಶ ಕ್ರೂಸ್ ಕಂಪನಿಗಳಿಗೆ ನೆರವು ನೀಡುವುದಾಗಿರಲಿಲ್ಲ. ಆದರೆ ಹೆಪ್ಪುಗಟ್ಟಿದ್ದ ಸಾಲದ ಮಾರುಕಟ್ಟೆಗೆ ಧೈರ್ಯ ಬಂತು. ಹೂಡಿಕೆದಾರರು ಹೆಚ್ಚು ಬಡ್ಡಿ ಎಲ್ಲಿ ಸಿಗುತ್ತದೆ ಎಂದು ಹುಡುಕಲು ಶುರು ಮಾಡಿದರು. ಅಡಕ್ಕೆ ಹಡಗುಗಳೂ ಇದ್ದವು. ಕಾರ್ನಿವಲ್ ಮೊದಲು ಯೋಚಿಸಿದ್ದು 300 ಕೋಟಿ ಡಾಲರ್, ಬೇಡಿಕೆ ನೋಡಿ 400ಕ್ಕೆ ಏರಿಸಿತು. ಮೇ ತಿಂಗಳಲ್ಲಿ ರಾಯಲ್ ಕೆರಿಬಿಯನ್ 28 ಹಡಗುಗಳನ್ನು ಅಡ ಇಟ್ಟು ಸುಮಾರು 330 ಕೋಟಿ ಡಾಲರ್ ಎತ್ತಿತು. ಬಡ್ಡಿ ಅಲ್ಲೂ ಶೇ 11ರ ಆಸುಪಾಸು.

ಸುದ್ದಿ ಹೇಗೆ ದಾರಿ ತಪ್ಪಿಸಬಹುದು ಎಂಬುದಕ್ಕೆ ನಾರ್ವೀಜಿಯನ್ ಕಂಪನಿಯ ಕತೆ ಒಳ್ಳೆಯ ಪಾಠ. 2020ರ ಮೇ 5ರಂದು ಆ ಕಂಪನಿ ತನ್ನ ದಾಖಲೆಯಲ್ಲಿ, ವ್ಯವಹಾರ ಮುಂದುವರಿಸುವ ಶಕ್ತಿಯ ಬಗ್ಗೆ ಗಣನೀಯ ಅನುಮಾನ ಇದೆ ಎಂದು ಬರೆದುಕೊಂಡಿತು. ನಾರ್ವೀಜಿಯನ್ ದಿವಾಳಿಯ ಅಂಚಿನಲ್ಲಿ ಎಂದು ಎಲ್ಲೆಡೆ ಸುದ್ದಿಯಾಯಿತು, ಷೇರು ಕುಸಿಯಿತು. ಒಂದೆರಡು ದಿನದಲ್ಲೇ ಅದೇ ಕಂಪನಿ 220 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೊಂದಿಸಿಕೊಂಡಿತು. ಅದರಲ್ಲಿ ಒಂದು ಭಾಗಕ್ಕೆ ಶೇ 12.25 ಬಡ್ಡಿ. ಆದಾಯವೇ ಇಲ್ಲದಿದ್ದರೂ ಹದಿನೆಂಟು ತಿಂಗಳು ತಡೆದುಕೊಳ್ಳುತ್ತೇವೆ ಎಂದು ಹೇಳಿತು. ಇದರಲ್ಲಿ ಮೋಸ ಇಲ್ಲ. ಹಣ ಎತ್ತಲು ಹೊರಟ ಕಂಪನಿ ಇರುವ ಅಪಾಯವನ್ನೆಲ್ಲ ಬಿಚ್ಚಿ ಹೇಳಲೇಬೇಕು, ಅದು ಅಲ್ಲಿನ ಕಾನೂನು. ಆ ಎಚ್ಚರಿಕೆ ಹಣ ಕೇಳುವ ಅರ್ಜಿಯ ಭಾಗವಾಗಿಯೇ ಬಂದಿತ್ತು. ಎಚ್ಚರಿಕೆ ಮಾತ್ರ ಹೆಡ್‌ಲೈನ್ ಆಯಿತು. ಹಣ ಬಂದ ಸುದ್ದಿ ಒಳಪುಟಕ್ಕೆ ಹೋಯಿತು.

ಪತ್ರಕರ್ತರನ್ನು ಬರೀ ದೂರುವುದೂ ಸರಿಯಲ್ಲ. ಮಯಾಮಿ ಹೆರಾಲ್ಡ್ ಪತ್ರಿಕೆ ಕ್ರೂಸ್ ಕಂಪನಿಗಳ ಮನೆಬಾಗಿಲಲ್ಲೇ ಇದ್ದು, ಯಾವ ಹಡಗಿನಲ್ಲಿ ಎಷ್ಟು ಸೋಂಕು, ಎಷ್ಟು ಸಾವು ಎಂದು ತಾನೇ ಪಟ್ಟಿ ಮಾಡುತ್ತಾ ಹೋಯಿತು. ಅದು ದೊಡ್ಡ ಕೆಲಸ. ಅದೇ ಊರಿನ ಮಯಾಮಿ ನ್ಯೂ ಟೈಮ್ಸ್ ಎಂಬ ಚಿಕ್ಕ ಪತ್ರಿಕೆ 2020ರ ಮಾರ್ಚ್‌ನಲ್ಲಿ ನಾರ್ವೀಜಿಯನ್‌ನ ಒಳಗಿನ ಇಮೇಲ್‌ಗಳನ್ನು ಹೊರಗೆ ತಂದಿತು. ಗ್ರಾಹಕರು ಹೆದರಿದರೆ, ವೈರಸ್ ಚಳಿಯಲ್ಲಿ ಮಾತ್ರ ಬದುಕುತ್ತದೆ, ಬಿಸಿಲಿನ ಕೆರಿಬಿಯನ್ ಒಳ್ಳೆಯ ಆಯ್ಕೆ ಎಂಬರ್ಥದ ಮಾತು ಹೇಳಿ ಟಿಕೆಟ್ ಮಾರಿ ಎಂದು ಮಾರಾಟದ ಸಿಬ್ಬಂದಿಗೆ ಬರೆದುಕೊಟ್ಟಿದ್ದರು ಎಂಬ ವರದಿ ಅದು. ಫ್ಲೋರಿಡಾದ ಅಟಾರ್ನಿ ಜನರಲ್ ತನಿಖೆ ಶುರು ಮಾಡಿದರು. ಮುಂಗಡದ ಹಣ ಕಂಪನಿಗೆ ಎಷ್ಟು ಮುಖ್ಯ ಅಂತ ಮೇಲೆ ಹೇಳಿದೆನಲ್ಲ, ಅದನ್ನು ನೆನೆದರೆ ಈ ಇಮೇಲ್‌ಗಳ ಹಿಂದಿನ ಒತ್ತಡ ಅರ್ಥವಾಗುತ್ತದೆ. ಒತ್ತಡ ಅರ್ಥವಾಯಿತು ಅಂದ ಮಾತ್ರಕ್ಕೆ ಜನರ ಜೀವದ ಜೊತೆ ಆಡಿದ್ದನ್ನು ಒಪ್ಪಲಾಗದು.

ಪತ್ರಕರ್ತರು ಎಡವಿದ್ದು ಎಲ್ಲಿ ಅಂತಲೂ ಹೇಳುತ್ತೇನೆ. 2020ರ ಏಪ್ರಿಲ್‌ನಲ್ಲಿ, 2021ರ ಬುಕಿಂಗ್ ಶೇ 40ರಷ್ಟು ಏರಿದೆ ಎಂಬ ಸುದ್ದಿ ಲೋಕವೆಲ್ಲ ಓಡಾಡಿತು. ಅದು ಒಂದು ಬುಕಿಂಗ್ ವೆಬ್‌ಸೈಟ್‌ನ ಅಂಕಿ ಮಾತ್ರ, ಇಡೀ ಉದ್ಯಮದ್ದಲ್ಲ. ಮೇಲೆ ಹೇಳಿದ ಕ್ರೆಡಿಟ್ ನೆನಪಿದೆಯಲ್ಲ? ಆಗ ನಡೆಯುತ್ತಿದ್ದ ಬುಕಿಂಗ್‌ಗಳಲ್ಲಿ ರದ್ದಾದ ಪ್ರವಾಸದ ಕ್ರೆಡಿಟ್ ಬಳಸಿ ಮತ್ತೆ ಬುಕ್ ಮಾಡಿದವರೂ ಇದ್ದರು. ಅಂಥ ಬುಕಿಂಗ್‌ನಿಂದ ಕಂಪನಿಗೆ ಹೊಸ ದುಡ್ಡು ಬರುವುದಿಲ್ಲ. ಡಿಸೆಂಬರ್‌ನಲ್ಲಿ ಸಿಂಗಪುರದ ಕ್ವಾಂಟಮ್ ಆಫ್ ದ ಸೀಸ್ ಹಡಗಿನಲ್ಲಿ ಹಿರಿಯ ಪ್ರಯಾಣಿಕರೊಬ್ಬರಿಗೆ ಸೋಂಕು ಎಂದು ಹಡಗನ್ನು ವಾಪಸ್ ಕರೆಸಿದಾಗ ಜಗತ್ತಿನಾದ್ಯಂತ ದೊಡ್ಡ ಸುದ್ದಿ. ಮತ್ತೆ ಪರೀಕ್ಷೆ ಮಾಡಿದಾಗ ಅವರಿಗೆ ಸೋಂಕೇ ಇರಲಿಲ್ಲ. ಆ ಎರಡನೇ ಸುದ್ದಿಯನ್ನು ಎಷ್ಟು ಜನ ಓದಿದರು?

ಟರ್ಕಿಯ ಅಲಿಯಾಗಾ ಎಂಬ ಊರಿನ ಫೋಟೊಗಳನ್ನು ನೀವೂ ನೋಡಿರಬಹುದು. ಐಷಾರಾಮಿ ಹಡಗುಗಳು ಸಾಲಾಗಿ ದಡಕ್ಕೆ ಬಂದು, ಹೊಟ್ಟೆ ಸೀಳಿಸಿಕೊಂಡು ಗುಜರಿಗೆ ಹೋಗುತ್ತಿದ್ದ ಚಿತ್ರಗಳು. ಉದ್ಯಮ ಸತ್ತೇ ಹೋಯಿತು ಎಂದು ಜನ ಅಂದುಕೊಂಡರು. ಲೆಕ್ಕದ ಪುಸ್ತಕ ತೆರೆದರೆ ಅರ್ಥ ಬೇರೆ. ಕಾರ್ನಿವಲ್ ತನ್ನ 18 ಹಡಗುಗಳನ್ನು ಕೈಬಿಡುವುದಾಗಿ ಹೇಳಿದಾಗ, ಅವು ಒಟ್ಟು ಸಾಮರ್ಥ್ಯದ ಶೇ 12ರಷ್ಟಿದ್ದರೂ 2019ರ ಕಾರ್ಯಾಚರಣೆ ಲಾಭದಲ್ಲಿ ಅವುಗಳ ಪಾಲು ಶೇ 3 ಮಾತ್ರ ಎಂದಿತ್ತು. ಅಂದರೆ ಖರ್ಚು ಜಾಸ್ತಿ, ಗಳಿಕೆ ಕಡಿಮೆ ಇದ್ದ ಹಳೆಯ ಹಡಗುಗಳನ್ನು ಅವರು ಬೇಗ ಕಳೆದುಕೊಂಡರು. ಆ ಹಡಗುಗಳಲ್ಲಿ ದುಡಿದವರಿಗೆ ಅದು ನೋವಿನ ದೃಶ್ಯ, ನಿಜ. ಕಂಪನಿಯ ಮಟ್ಟಿಗೆ ಅದು ಉಳಿಯುವ ದಾರಿ.

ನಷ್ಟದ ಅಂಕಿಯನ್ನೂ ಹೀಗೇ ಬಿಡಿಸಿ ಓದಬೇಕು. 2020ರಲ್ಲಿ ಕಾರ್ನಿವಲ್‌ಗೆ 1,020 ಕೋಟಿ ಡಾಲರ್ ನಷ್ಟ. ಇದರಲ್ಲಿ ಸುಮಾರು 400 ಕೋಟಿಯಷ್ಟು ಹಡಗುಗಳ ಮತ್ತು ಹಿಂದೆ ಕೊಂಡ ಕಂಪನಿಗಳ ಬೆಲೆಯನ್ನು ಪುಸ್ತಕದಲ್ಲಿ ಇಳಿಸಿದ್ದರಿಂದ ಬಂದದ್ದು. ಆ ವರ್ಷ ಜೇಬಿನಿಂದ ಹೋದ ದುಡ್ಡು ಅದಲ್ಲ. ಕಷ್ಟದಲ್ಲಿರುವ ಕಂಪನಿಯನ್ನು ಉಳಿಸುವುದು ಅಥವಾ ಕೊಲ್ಲುವುದು ನಗದು. ಕೈಯಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಕರಗುತ್ತಿದೆ, ಸಾಲದ ದೊಡ್ಡ ಕಂತು ಯಾವ ತಿಂಗಳು ಬರುತ್ತದೆ, ಇವು ಮೂರು ಗೊತ್ತಾದರೆ ಷೇರಿನ ಬೆಲೆ ನೋಡಿ ಗಾಬರಿ ಬೀಳಬೇಕಿಲ್ಲ.

ಹಾಗಾದರೆ ಯಾರೂ ಮುಳುಗಲಿಲ್ಲವೇ? ಮುಳುಗಿದರು. ಬಾಂಡ್ ಮಾರುಕಟ್ಟೆಯ ಬಾಗಿಲು ತೆರೆಯದ ಸಣ್ಣವರು ಮುಳುಗಿದರು. ಸ್ಪೇನಿನ ಪುಲ್ಮಂತೂರ್ 2020ರ ಜೂನ್‌ನಲ್ಲಿ ಕೋರ್ಟಿಗೆ ಹೋಯಿತು. ಬ್ರಿಟನ್ನಿನ ಕ್ರೂಸ್ ಆ್ಯಂಡ್ ಮ್ಯಾರಿಟೈಮ್ ವಾಯೇಜಸ್ ಜುಲೈನಲ್ಲಿ ಬಾಗಿಲು ಹಾಕಿತು. ಅದರ ಹಳೆಯ, ಪ್ರೀತಿಪಾತ್ರ ಹಡಗು ಮಾರ್ಕೊ ಪೋಲೊ ನಮ್ಮ ಗುಜರಾತಿನ ಅಲಂಗ್ ಗುಜರಿ ದಡಕ್ಕೆ ಬಂತು. ಭಾರತದ್ದೇ ಆದ ಜಲೇಶ್ ಕ್ರೂಸಸ್ 2019ರಲ್ಲಿ ಮುಂಬೈಯಲ್ಲಿ ಎಷ್ಟೊಂದು ಸಂಭ್ರಮದಿಂದ ಶುರುವಾಗಿತ್ತು! ಗೋವಾಕ್ಕೆ, ದುಬೈ ಕಡೆಗೆ ಹೋಗುತ್ತಿದ್ದ ಅದರ ಕರ್ಣಿಕಾ ಹಡಗು ಲಾಕ್‌ಡೌನ್‌ನಲ್ಲಿ ಮುಂಬೈಯಲ್ಲೇ ಸಿಕ್ಕಿಕೊಂಡಿತು. ಅಕ್ಟೋಬರ್‌ನಲ್ಲಿ ಕಂಪನಿ ನಿಂತಿತು, ಆ ಹಡಗೂ ಅಲಂಗ್‌ಗೆ ಹೋಯಿತು. ಇಂಥ ಕಂಪನಿಗೆ ಶೇ 11.5ಕ್ಕೂ ಯಾರೂ ಸಾಲ ಕೊಡುತ್ತಿರಲಿಲ್ಲ. ಮಯಾಮಿಯ ಮೂವರಿಗೂ ಇವರಿಗೂ ಇದ್ದ ದೊಡ್ಡ ವ್ಯತ್ಯಾಸ ಇದು.

ದೊಡ್ಡವರಲ್ಲೂ ಒಬ್ಬರು ಬಿದ್ದರು. ಏಷ್ಯಾದ ಗೆಂಟಿಂಗ್ ಹಾಂಗ್‌ಕಾಂಗ್ ಹಡಗು ಓಡಿಸುವುದರ ಜೊತೆಗೆ ಜರ್ಮನಿಯಲ್ಲಿ ಹಡಗುಕಟ್ಟೆಯನ್ನೂ ಇಟ್ಟುಕೊಂಡಿತ್ತು. 2022ರ ಜನವರಿಯಲ್ಲಿ ಎರಡೂ ಕುಸಿದವು. ಅದರ ಕ್ರಿಸ್ಟಲ್ ಸಿಂಫನಿ ಹಡಗು ಮಯಾಮಿಗೆ ಹೊರಟಿತ್ತು. ಇಂಧನದ ಬಾಕಿಗಾಗಿ ಅಲ್ಲಿ ಹಡಗನ್ನೇ ಜಪ್ತಿ ಮಾಡುವ ಕೋರ್ಟ್ ಆದೇಶ ಕಾದಿತ್ತು. ಹಡಗು ದಾರಿ ಬದಲಿಸಿ ಬಹಾಮಾಸ್‌ನ ಬಿಮಿನಿಗೆ ಹೋಯಿತು, ಪ್ರಯಾಣಿಕರನ್ನು ಅಲ್ಲಿಂದ ಬೇರೆ ದೋಣಿಯಲ್ಲಿ ಫ್ಲೋರಿಡಾಕ್ಕೆ ಕಳಿಸಿದರು.

ಉಳಿದವರು ತೆತ್ತ ಬೆಲೆ ಎಷ್ಟು ಅಂತ ಈಗ ನೋಡಿ. ಕಾರ್ನಿವಲ್‌ಗೆ 2021ರಲ್ಲಿ 950 ಕೋಟಿ, 2022ರಲ್ಲಿ 610 ಕೋಟಿ ಡಾಲರ್ ನಷ್ಟ. ಸಾಲ 2023ರ ಆರಂಭದಲ್ಲಿ 3,500 ಕೋಟಿ ಡಾಲರ್ ದಾಟಿತ್ತು. ಶೇ 11.5ರ ಸಾಲದಲ್ಲಿ ಅರ್ಧವನ್ನು 2021ರಲ್ಲೇ ಶೇ 4ರ ಹೊಸ ಸಾಲ ತಂದು ತೀರಿಸಿದ್ದರು. ಆದರೆ 2022ರಲ್ಲಿ ಜಗತ್ತಿನಾದ್ಯಂತ ಬಡ್ಡಿ ಏರಿದಾಗ ಮತ್ತೆ ಶೇ 10ರ ಮೇಲೆ ಕೊಟ್ಟು ಸಾಲ ತರಬೇಕಾಯಿತು. 2023ರಲ್ಲಿ ಕಟ್ಟಿದ ಬಡ್ಡಿ 200 ಕೋಟಿ ಡಾಲರ್ ಮೀರಿತು. 2019ರ ಹತ್ತು ಪಟ್ಟು! ಷೇರುಗಳ ಸಂಖ್ಯೆಯೂ 68 ಕೋಟಿಯ ಆಸುಪಾಸಿನಿಂದ 126 ಕೋಟಿ ದಾಟಿತು. ಹಳೆಯ ಷೇರುದಾರನ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂದರ್ಥ. ಇಷ್ಟರ ಮಧ್ಯೆ, 400 ಕೋಟಿ ಡಾಲರ್ ಕಳೆದುಕೊಂಡ ನಾರ್ವೀಜಿಯನ್ ತನ್ನ ಮುಖ್ಯಸ್ಥ ಫ್ರಾಂಕ್ ಡೆಲ್ ರಿಯೊ ಅವರಿಗೆ 2020ಕ್ಕೆ 3.64 ಕೋಟಿ ಡಾಲರ್ ಸಂಭಾವನೆ ಕೊಟ್ಟಿತು, ಹಿಂದಿನ ವರ್ಷದ ಎರಡು ಪಟ್ಟು. ಷೇರುದಾರರು ಸಭೆಯಲ್ಲಿ ಇದರ ವಿರುದ್ಧ ಮತ ಹಾಕಿದರು. ಆ ಮತ ಸಲಹೆಯ ರೂಪದ್ದು, ಕಂಪನಿಯನ್ನು ಕಟ್ಟಿಹಾಕುವಂಥದ್ದಲ್ಲ. ನನಗೆ ಇದು ತುಂಬಾ ಸಿಟ್ಟು ತರಿಸಿದ ಸುದ್ದಿ. ಯಾಕೆ ಅಂತ ಮುಂದಿನ ಮಾತು ಓದಿದರೆ ತಿಳಿಯುತ್ತದೆ.

ಎಲ್ಲಕ್ಕಿಂತ ಕಡಿಮೆ ಸುದ್ದಿಯಾದವರು ಸಿಬ್ಬಂದಿ. ಪ್ರಯಾಣಿಕರು ಇಳಿದು ಮನೆ ಸೇರಿದ ಮೇಲೆ ಟಿವಿ ಕ್ಯಾಮೆರಾಗಳೂ ಹೊರಟುಹೋದವು. ಏಪ್ರಿಲ್ 2020ರಲ್ಲಿ ಅಮೆರಿಕದ ತೀರದ ಸುತ್ತ ಸುಮಾರು 100 ಹಡಗುಗಳಲ್ಲಿ 80,000ದಷ್ಟು ಸಿಬ್ಬಂದಿ ಇದ್ದಾರೆ ಎಂದು ಸಿಡಿಸಿಯೇ ಹೇಳಿತ್ತು. ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಭಾರತದವರು. ಬಂದರುಗಳು ಇಳಿಯಲು ಬಿಡಲಿಲ್ಲ, ಹಲವು ದೇಶಗಳು ಗಡಿ ಮುಚ್ಚಿದ್ದವು. ಸಿಬ್ಬಂದಿಯನ್ನು ಮಾಮೂಲಿ ವಿಮಾನದಲ್ಲಿ ಕಳಿಸುವಂತಿಲ್ಲ, ಬಾಡಿಗೆ ವಿಮಾನವೇ ಬೇಕು ಎಂಬ ನಿಯಮ ಬಂತು. ಅದರ ಖರ್ಚು, ಹೊಣೆ ಕಂಪನಿಯದು. ತಿಂಗಳುಗಳು ಉರುಳಿದವು. ಕಾಂಟ್ರ್ಯಾಕ್ಟ್ ಮುಗಿದ ಎಷ್ಟೋ ಜನ ಸಂಬಳ ಇಲ್ಲದೆ ಕಿಟಕಿಯೂ ಇಲ್ಲದ ಕ್ಯಾಬಿನ್‌ನಲ್ಲಿ ದಿನ ಕಳೆದರು. ಮನಸ್ಸು ಸೋತು ಪ್ರಾಣ ಕಳೆದುಕೊಂಡವರೂ ಇದ್ದಾರೆ. ನಮ್ಮವರ ವಿಷಯದಲ್ಲಿ, ಏಪ್ರಿಲ್ 23ಕ್ಕೆ ಮುಂಬೈಯಲ್ಲಿ ಮರೆಲಾ ಡಿಸ್ಕವರಿ ಹಡಗಿನಿಂದ 140ಕ್ಕೂ ಹೆಚ್ಚು ಭಾರತೀಯ ಸಿಬ್ಬಂದಿಯನ್ನು ಇಳಿಸಿಕೊಂಡರು. ಅದಕ್ಕಾಗಿ ಗೃಹ ಸಚಿವಾಲಯ ಹೊಸ ನಿಯಮವನ್ನೇ ರೂಪಿಸಬೇಕಾಯಿತು.

ಈಗ ಉದ್ಯಮ ಚೇತರಿಸಿದೆ. 2019ರಲ್ಲಿ 2.97 ಕೋಟಿ ಇದ್ದ ಪ್ರಯಾಣಿಕರ ಸಂಖ್ಯೆ 2021ರಲ್ಲಿ 48 ಲಕ್ಷಕ್ಕೆ ಬಿದ್ದು, 2024ರಲ್ಲಿ 3.46 ಕೋಟಿಗೆ ಏರಿತು. ರಾಯಲ್ ಕೆರಿಬಿಯನ್ 2024ರಲ್ಲಿ ಸುಮಾರು 290 ಕೋಟಿ, ಕಾರ್ನಿವಲ್ 190 ಕೋಟಿ ಡಾಲರ್ ಲಾಭ ಮಾಡಿದವು. ನವ ಮಂಗಳೂರಿಗೂ 2022ರ ನವೆಂಬರ್‌ನಿಂದ ವಿದೇಶಿ ಕ್ರೂಸ್ ಹಡಗುಗಳು ಮತ್ತೆ ಬರತೊಡಗಿದವು. ಆದರೆ ಕಾರ್ನಿವಲ್‌ನ ಸಾಲ 2024ರ ಕೊನೆಗೂ 2,700 ಕೋಟಿ ಡಾಲರ್ ಮೇಲಿತ್ತು. 2019ರಲ್ಲಿ ಅದರ ಅರ್ಧವೂ ಇರಲಿಲ್ಲ. ದಾಖಲೆ ಲಾಭ ಎಂಬ ಹೆಡ್‌ಲೈನ್ ಓದುವಾಗ ಇದನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ನಿಮ್ಮ ಅಕ್ಕನ ಮಗನ ವಿಷಯಕ್ಕೆ ಬಂದರೆ, ಕೊರೊನಾ ಕಾಲದ ಸುದ್ದಿಯೊಂದನ್ನೇ ನೋಡಿ ಆಫರ್ ಬಿಡಬೇಕಿಲ್ಲ. ಹಡಗು ಯಾವ ಕಂಪನಿಯದು ಅಂತ ಮೊದಲು ತಿಳಿದುಕೊಳ್ಳಿ. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಬಹಿರಂಗ ಮಾಡುತ್ತವೆ, ಸಾಲ ಏರುತ್ತಿದೆಯೋ ಇಳಿಯುತ್ತಿದೆಯೋ ಅಲ್ಲಿ ಕಾಣುತ್ತದೆ. ಕೆಲಸ ಕೊಡಿಸುವ ಏಜೆಂಟ್ ಬಳಿ ಹಡಗು ವ್ಯವಹಾರ ನೋಡಿಕೊಳ್ಳುವ ನಮ್ಮ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕಚೇರಿ ಕೊಡುವ ಆರ್‌ಪಿಎಸ್‌ಎಲ್ (ಹಡಗಿಗೆ ಸಿಬ್ಬಂದಿ ನೇಮಿಸುವ) ಲೈಸೆನ್ಸ್ ಇದೆಯೇ ಎಂದು ಅವರ ವೆಬ್‌ಸೈಟ್‌ನಲ್ಲೇ ನೋಡಿ. ಕೆಲಸ ಕೊಡಿಸಲು ಹುಡುಗನಿಂದ ದುಡ್ಡು ಕೇಳುವುದು ನಿಯಮಕ್ಕೆ ವಿರುದ್ಧ. ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಕಾಂಟ್ರ್ಯಾಕ್ಟ್‌ನಲ್ಲಿ ಮನೆಗೆ ವಾಪಸ್ ಕಳಿಸುವ ಖರ್ಚು ಯಾರದು, ಹಡಗು ನಿಂತರೆ ಸಂಬಳದ ಗತಿ ಏನು ಎಂಬ ಎರಡು ಸಾಲುಗಳನ್ನು ಹುಡುಕಿ ಓದಿಸಿ.

ಇನ್ನೊಂದು ಮಾತು ಆ ಹುಡುಗನಿಗೆ ಹೇಳಿ. ಸಾಗರ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬಂದ ತಿದ್ದುಪಡಿ 2017ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮಾಲೀಕ ಹಡಗನ್ನು ಕೈಬಿಟ್ಟರೂ ಸಿಬ್ಬಂದಿಯನ್ನು ಊರಿಗೆ ಕಳಿಸುವುದಕ್ಕೆ ಮತ್ತು ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೆ ವಿಮೆ ಇರಬೇಕು. ಆ ವಿಮೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಹಡಗು ಹತ್ತಿದ ಮೊದಲ ವಾರವೇ ಅದನ್ನು ಹುಡುಕಿ, ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆಗೆ ಕಳಿಸಲಿ.